ಹೆಂಗಸರ ಟೆಸ್ಟೋಸ್ಟೆರಾನ್ ರಿಪೋರ್ಟ್ ರೋಗಿಗೆ ಹೊಂದುತ್ತಿಲ್ಲವೇ? ತಪ್ಪು ಹುಡುಕುವ ದಾರಿ

ಈ ಕೈಪಿಡಿ ಸಣ್ಣ ಮತ್ತು ಮಧ್ಯಮ ಲ್ಯಾಬುಗಳಲ್ಲಿ ಹಾರ್ಮೋನ್ ಟೆಸ್ಟ್ ಮಾಡುವವರಿಗೆ, ಮತ್ತು ಆ ರಿಪೋರ್ಟ್ ನೋಡಿ ಚಿಕಿತ್ಸೆ ನಿರ್ಧರಿಸುವ ಡಾಕ್ಟರುಗಳಿಗೆ. ರಿಪೋರ್ಟ್ ಕೈಗೆ ಬಂದು ಗಾಬರಿಯಾದ ಹೆಣ್ಣುಮಕ್ಕಳೂ ಓದಬಹುದು.

ಟೆಸ್ಟೋಸ್ಟೆರಾನ್ ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಸ್ವಲ್ಪವೇ ಇರುವ ಹಾರ್ಮೋನ್. ಹೆಂಗಸರಲ್ಲಿ ಅದು ಜಾಸ್ತಿಯಾದರೆ ಮುಖದ ಮೇಲೆ ಕೂದಲು, ಮೊಡವೆ, ಪೀರಿಯಡ್ಸ್ ಏರುಪೇರು ಕಾಣಬಹುದು. ದೂರುಗಳು ಹೆಚ್ಚಾಗಿ ಹೀಗಿರುತ್ತವೆ. ಅಂಕಿ ಜಾಸ್ತಿ ಬಂದಿದೆ, ಆದರೆ ಹುಡುಗಿಯ ಮುಖದ ಮೇಲೆ ಒಂದು ಕೂದಲೂ ಇಲ್ಲ, ಮೊಡವೆಯೂ ಇಲ್ಲ. ಅಥವಾ ಗಲ್ಲದ ಮೇಲೆ ದಪ್ಪ ಕೂದಲು, ಮೂರು ತಿಂಗಳಿಗೊಮ್ಮೆ ಪೀರಿಯಡ್ಸ್, ರಿಪೋರ್ಟ್ ಮಾತ್ರ ನಾರ್ಮಲ್. ಇಲ್ಲವೇ ಎರಡು ಲ್ಯಾಬಿನಲ್ಲಿ ಎರಡು ಬೇರೆ ಬೇರೆ ಅಂಕಿ. ಯಾವ ದೂರೇ ಇರಲಿ, ಮೈ ಒಂದು ಹೇಳಿ ಕಾಗದ ಇನ್ನೊಂದು ಹೇಳುತ್ತಿದ್ದರೆ ಮೊದಲು ಕಾಗದವನ್ನು ಅನುಮಾನಿಸಿ. ಸ್ಕ್ಯಾನಿಂಗ್, ಎಂಆರ್‌ಐ ಅಂತ ಆ ಹುಡುಗಿಯನ್ನು ಓಡಾಡಿಸುವುದು ಆಮೇಲೆ.

ಇದಕ್ಕೆ ಒಂದು ವಿನಾಯಿತಿ ಇದೆ. ಕೆಲವೇ ತಿಂಗಳಲ್ಲಿ ದನಿ ಗಡಸಾಗಿದೆ, ನೆತ್ತಿಯ ಕೂದಲು ಗಂಡಸರ ಹಾಗೆ ಉದುರುತ್ತಿದೆ, ಮೈಯಲ್ಲಿ ಕೂದಲು ಬೇಗ ಬೇಗ ಹೆಚ್ಚುತ್ತಿದೆ ಎಂದರೆ ರಿಪೋರ್ಟ್ ಸರಿಯೋ ತಪ್ಪೋ ಎಂದು ವಾರಗಟ್ಟಲೆ ಕೂರಬೇಡಿ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಈ ಟೆಸ್ಟ್ ಏಕೆ ಇಷ್ಟು ಕೈಕೊಡುತ್ತದೆ

ವಯಸ್ಕ ಗಂಡಸರಲ್ಲಿ ಒಟ್ಟು ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ. ಹೆಂಗಸರಲ್ಲಿ ಸುಮಾರು 15ರಿಂದ 70. ನಮ್ಮ ಬಹುತೇಕ ಮಷೀನುಗಳಲ್ಲಿರುವ ಇಮ್ಯುನೋಅಸ್ಸೇ ವಿಧಾನ (ಹಾರ್ಮೋನನ್ನು ಗುರುತಿಸಿ ಅಂಟಿಕೊಳ್ಳುವ ಆ್ಯಂಟಿಬಾಡಿ ಬಳಸಿ ಅಳೆಯುವುದು) ಗಂಡಸರ ಅಂಕಿಗಳಲ್ಲಿ ಚೆನ್ನಾಗಿ ಓಡುತ್ತದೆ. ಹೆಂಗಸರ ಅಂಕಿಗೆ ಇಳಿದಾಗ ಅದು ತನ್ನ ಅಳತೆಯ ಕೆಳಗಿನ ಅಂಚಿನಲ್ಲಿ ಕೆಲಸ ಮಾಡುತ್ತಿರುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ರಕ್ತದಲ್ಲಿರುವ ನೆಂಟರದ್ದು. ಟೆಸ್ಟೋಸ್ಟೆರಾನ್ ಒಂದು ಸ್ಟೀರಾಯ್ಡ್. ಅದೇ ಮೂಳೆಕಟ್ಟಿನ ಬೇರೆ ಸ್ಟೀರಾಯ್ಡ್‌ಗಳು ರಕ್ತದಲ್ಲಿ ಬೇಕಾದಷ್ಟಿವೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಡಿಎಚ್‌ಇಎ-ಸಲ್ಫೇಟನ್ನೇ ತೆಗೆದುಕೊಳ್ಳಿ. ಒಬ್ಬ ಯುವತಿಯಲ್ಲಿ ಅದು ಡೆಸಿಲೀಟರಿಗೆ 200 ಮೈಕ್ರೋಗ್ರಾಂ ಇದೆ ಎನ್ನೋಣ. ಅಂದರೆ 2,00,000 ನ್ಯಾನೋಗ್ರಾಂ. ಕಿಟ್‌ನಲ್ಲಿರುವ ಆ್ಯಂಟಿಬಾಡಿ ಇದನ್ನು ಹತ್ತು ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ಟೆಸ್ಟೋಸ್ಟೆರಾನ್ ಎಂದು ತಪ್ಪು ತಿಳಿದರೂ ರಿಪೋರ್ಟಿಗೆ 20 ನ್ಯಾನೋಗ್ರಾಂ ಸೇರುತ್ತದೆ. 500 ಇರುವ ಗಂಡಸಿಗೆ 20 ಲೆಕ್ಕಕ್ಕಿಲ್ಲ. 30 ಇರುವ ಹೆಂಗಸಿಗೆ ಅದು 50 ಆಗಿಬಿಡುತ್ತದೆ.

ಹಳೆಯ ಕಾಲದ ರೇಡಿಯೋಇಮ್ಯುನೋಅಸ್ಸೇಯಲ್ಲಿ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಮೊದಲು ಈಥರ್‌ನಂಥ ದ್ರಾವಕದಲ್ಲಿ ಕುಲುಕಿ, ಸ್ಟೀರಾಯ್ಡನ್ನು ಬೇರ್ಪಡಿಸಿ, ಕಾಲಮ್ಮಿನಲ್ಲಿ ಸೋಸಿ, ಆಮೇಲೆ ಅಳೆಯುತ್ತಿದ್ದರು. ಒಂದು ಬ್ಯಾಚಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಈಗಿನ ಆಟೋಮ್ಯಾಟಿಕ್ ಮಷೀನಿನಲ್ಲಿ ಆ ಸೋಸುವ ಹಂತವೇ ಇಲ್ಲ. ಸೀರಮ್ ನೇರವಾಗಿ ಒಳಗೆ ಹೋಗುತ್ತದೆ, ಅರ್ಧ ಗಂಟೆಯೊಳಗೆ ಅಂಕಿ ಹೊರಗೆ. ವೇಗ ಸಿಕ್ಕಿತು, ಕಿಟ್ ಅಗ್ಗವಾಯಿತು. ಹೆಂಗಸರ ಪಾಲಿಗೆ ನಿಖರತೆ ಹೋಯಿತು.

2003ರಲ್ಲಿ ಕ್ಲಿನಿಕಲ್ ಕೆಮಿಸ್ಟ್ರಿ ಪತ್ರಿಕೆಯಲ್ಲಿ ಇಂಥ ಹತ್ತು ಇಮ್ಯುನೋಅಸ್ಸೇಗಳನ್ನು ಅಣುಗಳನ್ನು ತೂಕದಿಂದ ಗುರುತಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿ ಜೊತೆ ಹೋಲಿಸಿದ ಅಧ್ಯಯನ ಬಂತು. ಹೆಂಗಸರ ಸ್ಯಾಂಪಲ್‌ಗಳಲ್ಲಿ ಫಲಿತಾಂಶ ನಿರಾಶೆಯಾಗುವಂತಿತ್ತು. ಊಹೆ ಮಾಡಿ ಅಂಕಿ ಬರೆಯುವುದಕ್ಕಿಂತ ಇದು ಮೇಲು ಎನ್ನಬಹುದೇ ಎಂದು ಜೊತೆಯ ಸಂಪಾದಕೀಯ ನೇರವಾಗಿಯೇ ಕೇಳಿತ್ತು. ಆಮೇಲೆ ಕಿಟ್‌ಗಳು ಸುಧಾರಿಸಿವೆ, ನಿಜ. ಆದರೆ ಮೂಲ ತೊಂದರೆ ಹೋಗಿಲ್ಲ.

ಕಾಗದದ ಮೇಲಿನ ತಪ್ಪುಗಳು

ಎರಡು ಲ್ಯಾಬಿನ ಅಂಕಿ ಹೊಂದುತ್ತಿಲ್ಲ ಎಂದು ಫೋನ್ ಬಂದರೆ ಮೊದಲು ಯುನಿಟ್ ನೋಡಿ. ನಮ್ಮಲ್ಲಿ ಮೂರು ಬಗೆಯೂ ಓಡಾಡುತ್ತಿವೆ. ಮಿಲಿಲೀಟರಿಗೆ 0.4 ನ್ಯಾನೋಗ್ರಾಂ, ಡೆಸಿಲೀಟರಿಗೆ 40 ನ್ಯಾನೋಗ್ರಾಂ, ಲೀಟರಿಗೆ 1.4 ನ್ಯಾನೋಮೋಲ್, ಎಲ್ಲಾ ಒಂದೇ. ಮಿಲಿಲೀಟರಿನ ಅಂಕಿಯನ್ನು 100ರಿಂದ, ನ್ಯಾನೋಮೋಲ್ ಅಂಕಿಯನ್ನು 28.8ರಿಂದ ಗುಣಿಸಿದರೆ ಡೆಸಿಲೀಟರಿನ ಅಂಕಿ ಬರುತ್ತದೆ. ಈ ಕೈಪಿಡಿಯಲ್ಲಿ ಯುನಿಟ್ ಹೇಳದ ಟೆಸ್ಟೋಸ್ಟೆರಾನ್ ಅಂಕಿಗಳೆಲ್ಲ ಡೆಸಿಲೀಟರಿಗೆ ನ್ಯಾನೋಗ್ರಾಂ.

ಆಮೇಲೆ ರಿಜಿಸ್ಟ್ರೇಷನ್ ನೋಡಿ. ಕೌಂಟರಿನಲ್ಲಿ ಹೆಣ್ಣಿನ ಬದಲು ಗಂಡು ಎಂದು ಒತ್ತಿದ್ದರೆ ಸಾಫ್ಟ್‌ವೇರ್ ಗಂಡಸರ ರೇಂಜ್ ಹಾಕುತ್ತದೆ. 42 ಇರುವ ಆರೋಗ್ಯವಂತ ಹೆಂಗಸಿನ ರಿಪೋರ್ಟಿನಲ್ಲಿ ಕಡಿಮೆ ಎಂದು ಗುರುತು ಬೀಳುತ್ತದೆ.

ಟ್ಯೂಬ್ ಅದಲುಬದಲು

ಮಕ್ಕಳಾಗದ ದಂಪತಿ ಒಟ್ಟಿಗೆ ಬಂದು ಇಬ್ಬರೂ ರಕ್ತ ಕೊಡುತ್ತಾರೆ. ಒಂದೇ ಮನೆ ವಿಳಾಸ, ಒಂದೇ ಇನಿಶಿಯಲ್, ಪಕ್ಕ ಪಕ್ಕದ ಟ್ಯೂಬ್. ಹೆಂಡತಿಗೆ 480 ಬಂದರೆ ಗೆಡ್ಡೆ ಎಂದು ಯೋಚಿಸುವ ಮೊದಲು ಗಂಡನ ಅಂಕಿ ಎಷ್ಟು ಬಂದಿದೆ ನೋಡಿ. ಅವರದು 35 ಇದ್ದರೆ ಉತ್ತರ ಸಿಕ್ಕಿದ ಹಾಗೆ. ಇಬ್ಬರಿಂದಲೂ ಹೊಸ ಸ್ಯಾಂಪಲ್ ತೆಗೆಯಿರಿ. ಲೇಬಲ್ಲನ್ನು ರೋಗಿಯ ಎದುರಿಗೇ ಅಂಟಿಸಿ, ಹೆಸರು ಅವರ ಬಾಯಲ್ಲೇ ಹೇಳಿಸಿ.

ಇನ್ನೊಂದು, ರಕ್ತ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಸೆಂಟ್ರಿಫ್ಯೂಜಿಗೆ ಹಾಕುವುದು. ಅರ್ಧ ಗಂಟೆ ಬಿಡಬೇಕು. ಬಿಡದಿದ್ದರೆ ಸೀರಮ್ಮಿನಲ್ಲಿ ಕಣ್ಣಿಗೆ ಕಾಣದ ಫೈಬ್ರಿನ್ ಎಳೆಗಳು ಉಳಿದು ಪ್ರೋಬಿಗೆ ಸಿಕ್ಕಿಕೊಳ್ಳುತ್ತವೆ. ಮತ್ತೆ ಸೆಂಟ್ರಿಫ್ಯೂಜ್ ಮಾಡಿ ಓಡಿಸಿದಾಗ ಅಂಕಿ ಬೇರೆಯೇ ಬಂದರೆ ಇದೇ ಕಾರಣ ಇರಬಹುದು. ಜೆಲ್ ಇರುವ ಟ್ಯೂಬುಗಳು ಸ್ಟೀರಾಯ್ಡ್ ಟೆಸ್ಟಿಗೆ ಅಡ್ಡಿ ಮಾಡುವುದೂ ಉಂಟು. ನಿಮ್ಮ ಕಿಟ್‌ನ ಚೀಟಿ ಯಾವ ಟ್ಯೂಬ್ ಹೇಳುತ್ತದೋ ಅದನ್ನೇ ಬಳಸಿ.

ಮಾತ್ರೆಗಳು: ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ

ತಪ್ಪಾಗಿ ಹೆಚ್ಚು ಬಂದ ಅಂಕಿಗೆ ನಾನು ಮೊದಲು ಕೇಳುವುದೇ ಮಾತ್ರೆಯ ಬಗ್ಗೆ. ನಮ್ಮ ಕಡೆ ಮುಖ್ಯ ಆರೋಪಿ ನಾರ್‌ಎಥಿಸ್ಟರೋನ್. ಮನೆಯಲ್ಲಿ ಪೂಜೆ, ಗೃಹಪ್ರವೇಶ, ಮದುವೆ, ತಿರುಪತಿಗೆ ಹೋಗುವುದಿದೆ ಎಂದಾಗ ಡೇಟ್ ಮುಂದಕ್ಕೆ ಹಾಕಲು ನುಂಗುವ ಮಾತ್ರೆ ಇದೇ. ಜಾಸ್ತಿ ಬ್ಲೀಡಿಂಗ್ ನಿಲ್ಲಿಸಲೂ ಡಾಕ್ಟರು ಕೊಡುತ್ತಾರೆ. ಇದರ ರಚನೆ ಟೆಸ್ಟೋಸ್ಟೆರಾನಿಗೆ ತುಂಬಾ ಹತ್ತಿರ. ಕೆಲವು ಇಮ್ಯುನೋಅಸ್ಸೇಗಳ ಆ್ಯಂಟಿಬಾಡಿ ಇದನ್ನೇ ಟೆಸ್ಟೋಸ್ಟೆರಾನ್ ಎಂದು ಹಿಡಿದುಕೊಳ್ಳುತ್ತದೆ.

ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿಗೆ 118 ಬಂದಿತ್ತು. ಪೀರಿಯಡ್ಸ್ ಸ್ವಲ್ಪ ಏರುಪೇರು, ಅಷ್ಟೇ. ಕೂದಲಿಲ್ಲ, ಮೊಡವೆಯಿಲ್ಲ, ತೂಕವೂ ಸರಿಯಾಗಿಯೇ ಇತ್ತು. ರಕ್ತ ತೆಗೆಯುವಾಗ ಮಾತ್ರೆ ಕಾಲಂನಲ್ಲಿ ಇಲ್ಲ ಎಂದು ಬರೆದಿತ್ತು. ನಮ್ಮ ಟೆಕ್ನಿಷಿಯನ್ ಅವಳಿಗೆ ಫೋನ್ ಮಾಡಿದರು.

“ಏನಮ್ಮಾ, ಮಾತ್ರೆ ಏನಾದ್ರೂ ತಗೋತಿದ್ದೀರಾ?”

“ಇಲ್ಲ ಮೇಡಂ, ಏನೂ ಇಲ್ಲ.”

“ಡೇಟ್ ಮುಂದಕ್ಕೆ ಹಾಕೋ ಮಾತ್ರೆ?”

“ಅದಾ? ಅದು ತಗೋತಿದ್ದೆ. ನಮ್ಮಕ್ಕನ ಮನೆ ಗೃಹಪ್ರವೇಶ ಇತ್ತು. ಅದು ಕಾಯಿಲೆ ಮಾತ್ರೆ ಅಲ್ವಲ್ಲ ಮೇಡಂ?”

ಫ್ರಿಜ್‌ನಲ್ಲಿ ಉಳಿದಿದ್ದ ಅದೇ ಸೀರಮ್ಮನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿದೆವು. 27 ಬಂತು. ಮುಂದಿನ ತಿಂಗಳು ಮಾತ್ರೆಯಿಲ್ಲದೆ ತೆಗೆದ ಹೊಸ ಸ್ಯಾಂಪಲ್, ಅದೇ ಹಳೇ ಮಷೀನಿನಲ್ಲಿ 31. ಮಷೀನು ಕೆಟ್ಟಿರಲಿಲ್ಲ, ಕ್ಯುಸಿ (ಅಂಕಿ ಮೊದಲೇ ಗೊತ್ತಿರುವ ದ್ರವ ಓಡಿಸಿ ಮಷೀನನ್ನು ಪರೀಕ್ಷಿಸುವುದು) ಎಲ್ಲಾ ಪಾಸಾಗಿತ್ತು. ಕ್ಯುಸಿ ದ್ರವದಲ್ಲಿ ನಾರ್‌ಎಥಿಸ್ಟರೋನ್ ಇರುವುದಿಲ್ಲ, ಹಾಗಾಗಿ ಈ ತಪ್ಪನ್ನು ಅದು ಹಿಡಿಯುವುದಕ್ಕೆ ಆಗುವುದೇ ಇಲ್ಲ.

ಆದ್ದರಿಂದ “ಮಾತ್ರೆ ತಗೋತಿದ್ದೀರಾ” ಎಂದು ಒಂದೇ ಮಾತಿನಲ್ಲಿ ಕೇಳಿದರೆ ಸಾಲದು. ಒಂದೊಂದಾಗಿ ಹೆಸರು ಹಿಡಿದು ಕೇಳಿ. ಡೇಟ್ ಮುಂದಕ್ಕೆ ಹಾಕಲು ಏನಾದರೂ? ಡೇಟ್ ಬರಿಸಲು ಏನಾದರೂ? ಮಕ್ಕಳು ಬೇಡ ಎಂದು? ಕೂದಲು ಉದುರುತ್ತದೆ ಎಂದು? ಜಿಮ್‌ನಲ್ಲಿ ಕೊಟ್ಟದ್ದು? ಕೊನೆಯ ಮಾತ್ರೆ ಯಾವ ದಿನ ಎಂದೂ ಬರೆದುಕೊಳ್ಳಿ.

ಕೂದಲಿನ ಪ್ರಶ್ನೆ ಏಕೆಂದರೆ ಬಯೋಟಿನ್ ಎಂಬ ವಿಟಮಿನ್. ದಿನಕ್ಕೆ ದೇಹಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಮೆಡಿಕಲ್ ಶಾಪಿನಲ್ಲಿ ಸಿಗುವ ಕೂದಲಿನ ಮಾತ್ರೆಗಳಲ್ಲಿ 5, 10 ಮಿಲಿಗ್ರಾಂ ಇರುತ್ತದೆ, ಅಂದರೆ ನೂರಾರು ಪಟ್ಟು. ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನ್ ಏರುಪೇರಿನ ತೊಂದರೆ) ಇರುವವರಿಗೆ ಕೂದಲು ಉದುರುವುದು ಹೆಚ್ಚು, ಹಾಗಾಗಿ ಈ ಮಾತ್ರೆ ನುಂಗುವವರೂ ಅವರೇ, ಟೆಸ್ಟೋಸ್ಟೆರಾನ್ ಟೆಸ್ಟಿಗೆ ಬರುವವರೂ ಅವರೇ. ಬಯೋಟಿನ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನ್, ಈ ಜೋಡಿಯ ಮೇಲೆ ನಿಂತ ಕಿಟ್‌ಗಳಿಗೆ ಇದು ನೇರ ಪೆಟ್ಟು ಕೊಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಇದನ್ನು ಪತ್ತೆಮಾಡಲು ಇಡೀ ರಿಪೋರ್ಟ್ ಒಟ್ಟಿಗೆ ನೋಡಿ. ಟೆಸ್ಟೋಸ್ಟೆರಾನ್, ಎಸ್ಟ್ರಡಿಯೋಲ್, ಟಿ4ನಂಥ ಸಣ್ಣ ಅಣುಗಳು ಸ್ಪರ್ಧೆಯ ವಿಧಾನದಲ್ಲಿ (ಸಿಗ್ನಲ್ ಇಳಿದಷ್ಟೂ ಅಂಕಿ ಹೆಚ್ಚು) ಅಳೆಯಲ್ಪಡುತ್ತವೆ, ಬಯೋಟಿನ್ ಇದ್ದರೆ ಅವು ಸುಳ್ಳೇ ಮೇಲೇರುತ್ತವೆ. ಟಿಎಸ್‌ಎಚ್, ಎಲ್‌ಎಚ್, ಎಫ್‌ಎಸ್‌ಎಚ್‌ನಂಥ ದೊಡ್ಡವು ಸ್ಯಾಂಡ್‌ವಿಚ್ ವಿಧಾನದಲ್ಲಿ (ಸಿಗ್ನಲ್ ಇಳಿದಷ್ಟೂ ಅಂಕಿ ಕಡಿಮೆ), ಅವು ಸುಳ್ಳೇ ಇಳಿಯುತ್ತವೆ. ಒಂದೇ ಟ್ಯೂಬಿನಲ್ಲಿ ಮೊದಲಿನ ಗುಂಪೆಲ್ಲ ಹೆಚ್ಚು, ಎರಡನೆಯದೆಲ್ಲ ಕಡಿಮೆ ಎಂದರೆ ಬಯೋಟಿನ್ ಕೇಳದೆ ರಿಪೋರ್ಟ್ ಬಿಡಬೇಡಿ. ಎರಡು ಮೂರು ದಿನ ಮಾತ್ರೆ ನಿಲ್ಲಿಸಿ ಮತ್ತೆ ತೆಗೆಯಿರಿ. ದಿನಕ್ಕೆ ನೂರಾರು ಮಿಲಿಗ್ರಾಂ ತೆಗೆದುಕೊಳ್ಳುವವರಿದ್ದರೆ ಇನ್ನೂ ಜಾಸ್ತಿ ದಿನ ಬೇಕು.

ಗರ್ಭನಿರೋಧಕ ಮಾತ್ರೆಯದು ಉಲ್ಟಾ ಆಟ. ಅದು ಸಾಮಾನ್ಯವಾಗಿ ಕಿಟ್ಟನ್ನು ಮೋಸಗೊಳಿಸುವುದಿಲ್ಲ, ದೇಹದ ಲೆಕ್ಕವನ್ನೇ ಬದಲಿಸುತ್ತದೆ. ಅಂಡಾಶಯ ಟೆಸ್ಟೋಸ್ಟೆರಾನ್ ಮಾಡುವುದು ತಗ್ಗುತ್ತದೆ, ಅದನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಪ್ರೋಟೀನ್ ಏರುತ್ತದೆ. ಪಿಸಿಒಎಸ್ ಇದ್ದರೂ ರಿಪೋರ್ಟ್ ಸ್ವಚ್ಛವಾಗಿ ಬರುತ್ತದೆ. 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿ ಹೇಳುವುದು, ಟೆಸ್ಟ್ ಬೇಕೇ ಬೇಕೆಂದರೆ ಮಾತ್ರೆ ಬಿಟ್ಟು ಕನಿಷ್ಠ ಮೂರು ತಿಂಗಳಾಗಿರಬೇಕು, ಆ ಅವಧಿಗೆ ಬೇರೆ ಗರ್ಭನಿರೋಧಕ ಬಳಸಬೇಕು.

ಐವಿಎಫ್ ಚಿಕಿತ್ಸೆಗೆ ಹೋಗುವವರಲ್ಲಿ ಡಿಎಚ್‌ಇಎ ಮಾತ್ರೆಯನ್ನೂ ಕೇಳಿ. ಅದು ದೇಹದಲ್ಲಿ ನಿಜವಾಗಿಯೂ ಟೆಸ್ಟೋಸ್ಟೆರಾನ್ ಆಗುತ್ತದೆ, ಜೊತೆಗೆ ಕಿಟ್ಟನ್ನೂ ಕೆಣಕುತ್ತದೆ. ಗಂಡ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಳ್ಳುತ್ತಿದ್ದರೆ ಅದು ಚರ್ಮದಿಂದ ಚರ್ಮಕ್ಕೆ ಹೆಂಡತಿಗೂ ಮಕ್ಕಳಿಗೂ ದಾಟುತ್ತದೆ. ಕೇಳಲು ಮುಜುಗರ, ಆದರೂ ಕೇಳಬೇಕು.

ಯಾವ ದಿನ, ಯಾವ ಹೊತ್ತು

ಬೆಳಗ್ಗೆ ಅಂಕಿ ಮೇಲಿರುತ್ತದೆ, ಸಂಜೆಗೆ ಇಳಿಯುತ್ತದೆ. ತಿಂಗಳ ನಡುವೆ ಸ್ವಲ್ಪ ಏರುತ್ತದೆ. ಪೀರಿಯಡ್ಸಿನ ಎರಡರಿಂದ ಐದನೇ ದಿನದೊಳಗೆ, ಬೆಳಗ್ಗೆ ಹತ್ತರೊಳಗೆ ತೆಗೆದರೆ ಹೋಲಿಸಲು ಅನುಕೂಲ. ಪೀರಿಯಡ್ಸ್ ತಿಂಗಳುಗಟ್ಟಲೆ ಬಂದೇ ಇಲ್ಲದಿದ್ದರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್. ಬಸುರಿಯಲ್ಲಿ ಒಟ್ಟು ಟೆಸ್ಟೋಸ್ಟೆರಾನ್ ತಾನಾಗೇ ಏರುತ್ತದೆ.

ಮೈಯಲ್ಲಿ ಲಕ್ಷಣ ಇದೆ, ಅಂಕಿ ನಾರ್ಮಲ್

ಇಲ್ಲಿ ಕೇಳಬೇಕಾದ್ದು ಎಸ್‌ಎಚ್‌ಬಿಜಿ. ರಕ್ತದ ಟೆಸ್ಟೋಸ್ಟೆರಾನಿನಲ್ಲಿ ಹೆಚ್ಚಿನ ಪಾಲು ಈ ಪ್ರೋಟೀನಿಗೆ ಗಟ್ಟಿಯಾಗಿ, ಉಳಿದದ್ದು ಆಲ್ಬುಮಿನ್ನಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಓಡಾಡುವುದು ನೂರಕ್ಕೆ ಒಂದೋ ಎರಡೋ ಪಾಲು. ತೂಕ ಹೆಚ್ಚಿದಾಗ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ, ಥೈರಾಯ್ಡ್ ಕಡಿಮೆಯಾದಾಗ ಎಸ್‌ಎಚ್‌ಬಿಜಿ ಇಳಿಯುತ್ತದೆ. ಒಟ್ಟು ಅಂಕಿ ನಾರ್ಮಲ್ಲೇ ಇದ್ದರೂ ಬಿಡಿಯಾದದ್ದು ಜಾಸ್ತಿಯಾಗುತ್ತದೆ.

ಒಂದು ಲೆಕ್ಕ ನೋಡಿ. ಇಬ್ಬರು ಹೆಂಗಸರು, ಇಬ್ಬರದೂ ಒಟ್ಟು ಟೆಸ್ಟೋಸ್ಟೆರಾನ್ ಲೀಟರಿಗೆ 1.8 ನ್ಯಾನೋಮೋಲ್. ಒಬ್ಬರ ಎಸ್‌ಎಚ್‌ಬಿಜಿ 60, ಇನ್ನೊಬ್ಬರದು 18. ಟೆಸ್ಟೋಸ್ಟೆರಾನನ್ನು ಎಸ್‌ಎಚ್‌ಬಿಜಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಫ್ರೀ ಆ್ಯಂಡ್ರೋಜನ್ ಇಂಡೆಕ್ಸ್ ಸಿಗುತ್ತದೆ. ಮೊದಲನೆಯವರಿಗೆ 3, ಎರಡನೆಯವರಿಗೆ 10. 5 ದಾಟಿದರೆ ಸಾಮಾನ್ಯವಾಗಿ ಹೆಚ್ಚು ಎಂದು ನೋಡುತ್ತಾರೆ. ಎಸ್‌ಎಚ್‌ಬಿಜಿ ತೀರಾ ಕಡಿಮೆಯಿದ್ದಾಗ ಈ ಇಂಡೆಕ್ಸ್ ಸುಮ್ನೆ ಉಬ್ಬುತ್ತದೆ, ಹಾಗಾಗಿ ಅಂಥ ಕಡೆ ಆಲ್ಬುಮಿನ್ ಸೇರಿಸಿ ಲೆಕ್ಕಹಾಕುವ ಸೂತ್ರ ವಾಸಿ. ಇದೆಲ್ಲ ಲೆಕ್ಕಕ್ಕೂ ತಳಪಾಯ ಒಟ್ಟು ಟೆಸ್ಟೋಸ್ಟೆರಾನ್ ಅಂಕಿಯೇ ಎಂಬುದು ನೆನಪಿರಲಿ. ಅದು ತಪ್ಪಿದ್ದರೆ ಲೆಕ್ಕವೂ ತಪ್ಪೇ.

ಬಿಡಿಯಾಗಿ ಓಡಾಡುವುದನ್ನು ಫ್ರೀ ಟೆಸ್ಟೋಸ್ಟೆರಾನ್ ಎಂದು ನೇರವಾಗಿ ಅಳೆಯುವ ಕಿಟ್‌ಗಳನ್ನು ಹೆಂಗಸರಿಗೆ ಬಳಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ, 2023ರ ಮಾರ್ಗಸೂಚಿಯೂ ಅವನ್ನು ನೆಚ್ಚಬೇಡಿ ಎನ್ನುತ್ತದೆ. ಬೆಲೆಪಟ್ಟಿಯಲ್ಲಿ ಅದಿದೆ ಎಂಬ ಒಂದೇ ಕಾರಣಕ್ಕೆ ಡಾಕ್ಟರು ಬರೆಯುತ್ತಾರೆ, ರೋಗಿ ದುಡ್ಡು ಕೊಡುತ್ತಾರೆ. ಆ ದುಡ್ಡಿಗೆ ಎಸ್‌ಎಚ್‌ಬಿಜಿ ಮಾಡಿಸಬಹುದು. ಒಟ್ಟು ಮತ್ತು ಲೆಕ್ಕ ಹಾಕಿದ ಫ್ರೀ ಎರಡೂ ನಾರ್ಮಲ್ ಬಂದು ಅನುಮಾನ ಉಳಿದರೆ ಆ್ಯಂಡ್ರೋಸ್ಟೆನಿಡಯೋನ್, ಡಿಎಚ್‌ಇಎ-ಸಲ್ಫೇಟ್ ನೋಡಬಹುದು. ಹಾರ್ಮೋನ್ ಎಲ್ಲಾ ನಾರ್ಮಲ್ ಇದ್ದರೂ ಕೂದಲು ಮತ್ತು ಪೀರಿಯಡ್ಸಿನ ಏರುಪೇರು ಎರಡೂ ಸ್ಪಷ್ಟವಾಗಿದ್ದರೆ, ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಪಿಸಿಒಎಸ್ ಎಂದು ಹೇಳಲು ಮಾರ್ಗಸೂಚಿ ಒಪ್ಪುತ್ತದೆ. ನಮ್ಮ ಅಂಕಿಗಾಗಿ ಡಾಕ್ಟರು ಕಾಯಬೇಕಿಲ್ಲ.

ಇನ್ನೂ ಅನುಮಾನ ಇದ್ದರೆ ಲ್ಯಾಬಿನಲ್ಲಿ ಏನು ಮಾಡಬಹುದು

ಅಂಕಿ ಸಾಕಷ್ಟು ದೊಡ್ಡದಿದ್ದರೆ ಡೈಲ್ಯೂಷನ್ ಮಾಡಿ, ಅಂದರೆ ಸೀರಮ್ಮನ್ನು ತೆಳು ಮಾಡಿ ಮತ್ತೆ ಅಳೆಯಿರಿ. 160 ಬಂದ ಸೀರಮ್ ಅರ್ಧಕ್ಕೆ ತೆಳುವಾದಾಗ 80, ಕಾಲಿಗೆ ತೆಳುವಾದಾಗ 40 ಬರಬೇಕು. 80ರ ಬದಲು 120 ಬಂದರೆ ಏನೋ ಅಡ್ಡ ಬರುತ್ತಿದೆ, ರೋಗಿಯ ರಕ್ತದಲ್ಲೇ ಇದ್ದು ಕಿಟ್‌ನ ಆ್ಯಂಟಿಬಾಡಿಗೆ ಅಂಟಿಕೊಳ್ಳುವ ಹೆಟರೋಫೈಲ್ ಆ್ಯಂಟಿಬಾಡಿ ಇರಬಹುದು. ಆದರೆ ಡೈಲ್ಯೂಷನ್ ಸರಿಯಾಗಿ ಬಂತು ಎಂದು ನಿರಾಳರಾಗಬೇಡಿ. ನಾರ್‌ಎಥಿಸ್ಟರೋನಿನಂಥ ನೆಂಟರು ಟೆಸ್ಟೋಸ್ಟೆರಾನಿನ ಜೊತೆಗೇ ತೆಳುವಾಗುತ್ತಾ ಹೋಗಬಹುದು.

ಈಥರ್‌ನಲ್ಲಿ ಬೇರ್ಪಡಿಸಿ ಮತ್ತೆ ಅಳೆಯುವ ಸೌಲಭ್ಯ ಇದ್ದರೆ ಅದು ಇನ್ನೊಂದು ಸುಳಿವು ಕೊಡುತ್ತದೆ. ಡಿಎಚ್‌ಇಎ-ಸಲ್ಫೇಟ್ ನೀರಿನ ಭಾಗದಲ್ಲೇ ಉಳಿಯುತ್ತದೆ, ಹೆಟರೋಫೈಲ್ ಆ್ಯಂಟಿಬಾಡಿಯಂಥ ಪ್ರೋಟೀನುಗಳೂ ಹಿಂದೆ ಬೀಳುತ್ತವೆ. ಅಂಕಿ ಧೊಪ್ಪನೆ ಇಳಿದರೆ ಕಾರಣ ಇವೆರಡರಲ್ಲಿ ಒಂದಿರಬಹುದು. ನಾರ್‌ಎಥಿಸ್ಟರೋನ್ ಮಾತ್ರ ಈಥರ್ ಜೊತೆ ಬಂದೇಬಿಡುತ್ತದೆ.

ಬೇರೆ ಕಂಪನಿಯ ಮಷೀನಿನಲ್ಲಿ ಓಡಿಸುವುದು ಸುಲಭದ ದಾರಿ. ಕೊನೆಯ ಮಾತು ಮಾಸ್ ಸ್ಪೆಕ್ಟ್ರೋಮೆಟ್ರಿಯದ್ದು, ದೊಡ್ಡ ರೆಫರೆನ್ಸ್ ಲ್ಯಾಬುಗಳಲ್ಲಿ ಸಿಗುತ್ತದೆ. ಅಲ್ಲಿಯೂ ಒಂದು ಪ್ರಶ್ನೆ ಕೇಳಿ. ಡಿಎಚ್‌ಇಎ ಮತ್ತು ಎಪಿಟೆಸ್ಟೋಸ್ಟೆರಾನ್ ಎರಡರ ತೂಕವೂ ಟೆಸ್ಟೋಸ್ಟೆರಾನಿನಷ್ಟೇ, 288. ಕಾಲಮ್ಮಿನಲ್ಲಿ ಅವು ಬೇರೆಯಾಗದಿದ್ದರೆ ದುಬಾರಿ ಮಷೀನೂ ಎಡವುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2010ರಿಂದ ನಡೆಸುತ್ತಿರುವ ಹಾರ್ಮೋನ್ ಮಾಪನ ಕಾರ್ಯಕ್ರಮದಲ್ಲಿ ಟೆಸ್ಟೋಸ್ಟೆರಾನಿಗೆ ಒಪ್ಪುವ ವಾಲಿಕೆ (ನಿಜವಾದ ಅಂಕಿಯಿಂದ ಸರಾಸರಿ ಎಷ್ಟು ದೂರ ಎಂಬುದು) ಹೆಚ್ಚೆಂದರೆ ನೂರಕ್ಕೆ 6.4. ಅದರಲ್ಲಿ ಪಾಸಾದ ವಿಧಾನವಾದರೆ ಧೈರ್ಯವಾಗಿ ನಂಬಬಹುದು.

ನಿಮ್ಮ ಕ್ಯುಸಿಯನ್ನೂ ಒಮ್ಮೆ ನೋಡಿ. ಕಂಪನಿ ಕೊಡುವ ಕ್ಯುಸಿಯ ಕೆಳಗಿನ ಲೆವೆಲ್ಲೇ ಹೆಂಗಸರ ರೇಂಜಿಗಿಂತ ಮೇಲಿದ್ದರೆ, ನೀವು ಗಂಡಸರ ಟೆಸ್ಟನ್ನಷ್ಟೇ ಕಾಯುತ್ತಿದ್ದೀರಿ. ಯಾವ ಮಾತ್ರೆಯೂ ತೆಗೆದುಕೊಳ್ಳದ ಹೆಂಗಸರ ಉಳಿದ ಸೀರಮ್ ಒಟ್ಟುಗೂಡಿಸಿ, ಸೋಂಕಿನ ಟೆಸ್ಟ್ ಮಾಡಿ, ಸಣ್ಣ ಸಣ್ಣ ವಯಲ್‌ಗಳಲ್ಲಿ ಹಂಚಿ ಫ್ರೀಜರಿನಲ್ಲಿಡಿ. ದಿನಕ್ಕೊಂದು ಓಡಿಸಿ. ರೀಏಜೆಂಟಿನ ಹೊಸ ಲಾಟ್ ಬಂದಾಗ ಹಳೆಯದರಲ್ಲೂ ಹೊಸದರಲ್ಲೂ ಹೆಂಗಸರ ಸ್ಯಾಂಪಲ್‌ಗಳನ್ನೇ ಹಾಕಿ ಹೋಲಿಸಿ. ಲಾಟ್ ಬದಲಾದ ವಾರವೇ ಊರಿನ ಹೆಂಗಸರಿಗೆಲ್ಲ ಟೆಸ್ಟೋಸ್ಟೆರಾನ್ ಏರಿಬಿಡುವುದು ಹೀಗೆಯೇ.

ತಪ್ಪು ಹುಡುಕುತ್ತಾ ಕೂರಬಾರದ ಹೊತ್ತು

ಒಟ್ಟು ಟೆಸ್ಟೋಸ್ಟೆರಾನ್ 150–200 ದಾಟಿ, ಮೈಯಲ್ಲೂ ಗಂಡಸರ ಲಕ್ಷಣ ಬೇಗ ಬೇಗ ಬರುತ್ತಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅಂಡಾಶಯ ಅಥವಾ ಅಡ್ರಿನಲ್ ಗೆಡ್ಡೆ ಇರಬಹುದು. ಡಿಎಚ್‌ಇಎ-ಸಲ್ಫೇಟ್ ಡೆಸಿಲೀಟರಿಗೆ 700 ಮೈಕ್ರೋಗ್ರಾಂ ದಾಟಿದ್ದರೆ ಅಡ್ರಿನಲ್ ಕಡೆ ಬೆರಳು ತೋರಿಸುತ್ತದೆ. ಮುಟ್ಟು ನಿಂತ ಹೆಂಗಸಿನಲ್ಲಿ ಹೊಸದಾಗಿ ಏರಿದರಂತೂ ಸಸಾರ ಮಾಡಬೇಡಿ. ಅಂಕಿ ಖಚಿತಪಡಿಸುವ ಕೆಲಸ ಮತ್ತು ಸ್ಕ್ಯಾನಿಂಗ್ ಒಟ್ಟೊಟ್ಟಿಗೆ ನಡೆಯಲಿ.

ಹುಟ್ಟಿನಿಂದ ಬರುವ ಅಡ್ರಿನಲ್ ತೊಂದರೆಯ ಸೌಮ್ಯ ರೂಪ ಥೇಟ್ ಪಿಸಿಒಎಸ್ ಹಾಗೇ ಕಾಣುತ್ತದೆ. ಬೆಳಗ್ಗೆ, ಪೀರಿಯಡ್ಸಿನ ಮೊದಲ ದಿನಗಳಲ್ಲಿ ತೆಗೆದ 17-ಹೈಡ್ರಾಕ್ಸಿಪ್ರೊಜೆಸ್ಟರೋನ್ ಡೆಸಿಲೀಟರಿಗೆ 200 ನ್ಯಾನೋಗ್ರಾಂ ದಾಟಿದರೆ ಅಡ್ರಿನಲ್ಲನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನ್ ಚುಚ್ಚಿ ನೋಡುವ ಟೆಸ್ಟ್ ಬೇಕು.

ಅಂಕಿ ಕಡಿಮೆ ಬಂದರೆ

ಈಗ ಹೆಲ್ತ್ ಪ್ಯಾಕೇಜುಗಳಲ್ಲಿ ಹೆಂಗಸರಿಗೂ ಟೆಸ್ಟೋಸ್ಟೆರಾನ್ ಸೇರಿಸುತ್ತಿದ್ದಾರೆ. 12 ಬಂತು, ಸುಸ್ತಿಗೆ ಇದೇ ಕಾರಣ ಇರಬೇಕು ಎಂದು ಜನ ಬರುತ್ತಾರೆ. ಇಪ್ಪತ್ತರ ಹರೆಯದಿಂದ ನಲವತ್ತರವರೆಗೆ ಈ ಅಂಕಿ ನಿಧಾನವಾಗಿ ಇಳಿಯುವುದು ಸಹಜ. 2019ರ ಜಾಗತಿಕ ಒಮ್ಮತದ ಹೇಳಿಕೆ ಇದನ್ನು ಸ್ಪಷ್ಟವಾಗಿ ಹೇಳಿದೆ: ಇಷ್ಟಕ್ಕಿಂತ ಕಡಿಮೆಯಿದ್ದರೆ ಹೆಂಗಸರಲ್ಲಿ ಕೊರತೆ ಎನ್ನುವ ಯಾವ ಅಂಕಿಯೂ ಇಲ್ಲ. ಮುಟ್ಟು ನಿಂತ ಮೇಲೆ ಲೈಂಗಿಕ ಆಸಕ್ತಿ ಕುಗ್ಗಿ ಅದರಿಂದ ನೋವು ಅನುಭವಿಸುವವರಿಗೆ ಮಾತ್ರ ಟೆಸ್ಟೋಸ್ಟೆರಾನ್ ಚಿಕಿತ್ಸೆಗೆ ಆಧಾರ ಇದೆ ಎಂದೂ ಅದು ಹೇಳುತ್ತದೆ. ಅಂಥವರಲ್ಲಿ ಟೆಸ್ಟ್ ಮಾಡುವುದು ಅಂಕಿ ಮೊದಲೇ ಹೆಚ್ಚಿಲ್ಲ ಎಂದು ತಿಳಿಯಲು, ಆಮೇಲೆ ಡೋಸ್ ಮಿತಿ ಮೀರಿಲ್ಲ ಎಂದು ನೋಡಲು. ಚಿಕಿತ್ಸೆ ಶುರುವಾದ ಮೂರರಿಂದ ಆರು ವಾರಕ್ಕೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಪ್ರತಿ ಸಲವೂ ಒಂದೇ ಲ್ಯಾಬ್, ಒಂದೇ ವಿಧಾನ ಇರಲಿ. ಜೆಲ್ ಯಾವ ಕೈಗೆ ಹಚ್ಚುತ್ತಾರೆ ಎಂದು ಕೇಳಿ, ರಕ್ತವನ್ನು ಇನ್ನೊಂದು ಕೈಯಿಂದ ತೆಗೆಯಿರಿ. ಚರ್ಮದ ಮೇಲೆ ಉಳಿದ ಜೆಲ್ ಸೂಜಿಗೆ ತಗುಲಿದರೂ ಸಾಕು, ಅಂಕಿ ಗಂಡಸರ ರೇಂಜಿಗೆ ಹಾರುತ್ತದೆ.